ಕಾಲುದಾರಿ ತಪ್ಪಿದರೆ ಮೊದಲು ನಿಲ್ಲಿ

ದಾರಿ ತಪ್ಪಿತು ಅನಿಸಿದ ಕೂಡಲೇ ಎಲ್ಲರೂ ಅಲ್ಲೇ ನಿಲ್ಲಿ. ‘ಇನ್ನೊಂದು ತಿರುವು ನೋಡೋಣ’ ಅಂದುಕೊಂಡು ಮುಂದೆ ಹೋದಷ್ಟೂ ತೊಡಕು ಜಾಸ್ತಿ. ಜೊತೆಗೆ ನಾಯಿಯಿದ್ದರೆ ಅದಕ್ಕೆ ಚೈನ್ ಹಾಕಿ. ಅದೇ ದಾರಿ ತೋರಿಸುತ್ತದೆ ಅಂತ ನಂಬಬೇಡಿ, ಯಾವುದೋ ವಾಸನೆ ಹಿಡಿದು ಪೊದೆಗೆ ನುಗ್ಗೀತು. ಖಚಿತವಾಗಿ ಗೊತ್ತಿರುವ ಕೊನೆಯ ಕವಲು ಹತ್ತಿರವಿದ್ದರೆ ಬಂದ ದಾರಿಯಲ್ಲೇ ಒಟ್ಟಿಗೆ ಹಿಂತಿರುಗಿ. ಒಬ್ಬರನ್ನೇ ಮುಂದೆ ಕಳಿಸಿದರೆ ಹುಡುಕಬೇಕಾದ ಗುಂಪು ಎರಡಾಗುತ್ತದೆ.

ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆ ತೆರೆಯಲು ಬೇಕು. ಆದ್ದರಿಂದ ಆಫ್‌ಲೈನ್ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಿ. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಕರಗುತ್ತದೆ. ಬಳಸದಾಗ ಏರ್‌ಪ್ಲೇನ್ ಮೋಡ್‌ನಲ್ಲಿಡಿ. ಕರೆ ಹೋಗದ ಕಡೆಯೂ ಎಸ್‌ಎಂಎಸ್ ಹೋಗಬಹುದು: ಅಕ್ಷಾಂಶ, ರೇಖಾಂಶ, ಎಷ್ಟು ಜನ, ಯಾರಿಗಾದರೂ ಪೆಟ್ಟಾಗಿದೆಯೇ, ಇಷ್ಟು ಸಾಕು. ಸೀಟಿಯಿದ್ದರೆ ನಿಮಿಷಕ್ಕೆ 6 ಸಲ ಊದಿ, 1 ನಿಮಿಷ ಬಿಟ್ಟು ಮತ್ತೆ ಊದಿ.