ಸೌರಫಲಕಕ್ಕೆ ಸರಿಯಾದ ಬ್ರೇಕರ್: ನನ್ನ ಅನುಭವ

ಆಟಿ ತಿಂಗಳ ಮಳೆ ಬಿಟ್ಟ ಒಂದು ಮಧ್ಯಾಹ್ನ, ಮಲ್ಪೆಯ ನಮ್ಮ ಮನೆಯ ತಾರಸಿಯಲ್ಲಿರುವ ಸೌರಫಲಕಗಳ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್) ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂದಿತು. ಫಲಕಗಳು ಬಿಸಿಲಿರುವಷ್ಟು ಹೊತ್ತೂ ವಿದ್ಯುತ್ ಕೊಡುತ್ತಲೇ ಇರುವುದರಿಂದ, ಇನ್ವರ್ಟರ್ ಆರಿಸಿ, ಕತ್ತಲಾದ ಮೇಲೆ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ ಪೆಟ್ಟಿಗೆ ತೆರೆಸಿದೆ. ಅಲ್ಲಿದ್ದುದು ಮನೆಯೊಳಗೆ ಬಳಸುವ ಸಾಮಾನ್ಯ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್ತಿನ) ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿದಾಗ ತಾನೇ ಕಡಿಯುವ ಬ್ರೇಕರ್. ಅದರ ಒಂದು ಬದಿ ಕರಗಿತ್ತು.

ಎಸಿ ವಿದ್ಯುತ್ ಸೆಕೆಂಡಿಗೆ 100 ಬಾರಿ ಶೂನ್ಯಕ್ಕೆ ಇಳಿಯುವುದರಿಂದ ಬ್ರೇಕರ್ ತೆರೆದಾಗ ಹುಟ್ಟುವ ಕಿಡಿ ತಾನಾಗಿ ಆರುತ್ತದೆ; ಡಿಸಿಯಲ್ಲಿ ಆ ಶೂನ್ಯವಿಲ್ಲದ ಕಾರಣ ಕಿಡಿ ಉರಿಯುತ್ತಲೇ ಉಳಿಯಬಹುದು. ಇದು ನನ್ನನ್ನು ನಿಜಕ್ಕೂ ಹೆದರಿಸಿತು.

ನಮ್ಮಲ್ಲಿ 8 ಫಲಕಗಳು ಸರಣಿಯಲ್ಲಿವೆ. ಹಿಂಬದಿಯ ಚೀಟಿಯಂತೆ ಒಂದೊಂದರ ತೆರೆದ ಮಂಡಲದ (ಏನನ್ನೂ ಜೋಡಿಸದಿರುವಾಗಿನ) ವೋಲ್ಟೇಜ್ 46, ಅಂದರೆ ಒಟ್ಟು 368 ವೋಲ್ಟ್; ಚಳಿಯಲ್ಲಿ ಇದು ತುಸು ಏರುತ್ತದೆ. ಶಾರ್ಟ್ ಸರ್ಕ್ಯೂಟ್ ಕರೆಂಟ್, ಅಂದರೆ ಎರಡು ತುದಿಗಳನ್ನು ನೇರ ಜೋಡಿಸಿದರೆ ಹರಿಯುವಷ್ಟು, 11 ಆಂಪಿಯರ್. ಬ್ರೇಕರ್ ಅದರ ಒಂದೂವರೆ ಪಟ್ಟಿಗಿಂತ, ಅಂದರೆ 16.5ಕ್ಕಿಂತ, ಕಡಿಮೆಯಿರಬಾರದು. ಚೀಟಿಯಲ್ಲಿ ನಮೂದಿಸಿದ ಗರಿಷ್ಠ ಫ್ಯೂಸ್ 20 ಆಂಪಿಯರ್ ಆದ್ದರಿಂದ, 20 ಆಂಪಿಯರ್, 600 ವೋಲ್ಟ್ ಡಿಸಿ ಎಂದು ಸ್ಪಷ್ಟವಾಗಿ ಬರೆದಿದ್ದ, ಎರಡು ಪೋಲಿನ (ಧನ, ಋಣ ಎರಡೂ ತಂತಿಗಳನ್ನು ಕಡಿಯುವ) ಬ್ರೇಕರ್ ಹಾಕಿಸಿದೆ. ಕೆಲವು ಡಿಸಿ ಬ್ರೇಕರ್‌ಗಳಿಗೆ ಧನ-ಋಣದ ದಿಕ್ಕು ಇರುತ್ತದೆ, ತಲೆಕೆಳಗಾಗಿ ಜೋಡಿಸಿದರೆ ಅವು ಕಿಡಿಯನ್ನು ಆರಿಸಲಾರವು. ಆದ್ದರಿಂದ ದಿಕ್ಕಿನ ಹಂಗಿಲ್ಲದ್ದನ್ನೇ ಕೇಳಿ ಪಡೆದೆ. ಒಂದೇ ಸರಣಿ ಇರುವುದರಿಂದ ಬೇರೆ ಫ್ಯೂಸ್ ಬೇಕಾಗಲಿಲ್ಲ. ಮೂರು ಅಥವಾ ಹೆಚ್ಚು ಸರಣಿಗಳು ಸಮಾಂತರವಾಗಿದ್ದರೆ ಪ್ರತಿಯೊಂದಕ್ಕೂ ಸೌರ ಬಳಕೆಯ ಡಿಸಿ ಫ್ಯೂಸ್ ಬೇಕು.

ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ತಿರುಪುಗಳನ್ನೂ ಬದಲಿಸಿ, ನೀರು ನುಗ್ಗದ ಐಪಿ 65 ಪೆಟ್ಟಿಗೆಯನ್ನು ಮಾಡಿನ ನೆರಳಿಗೆ ಸರಿಸಿದೆವು.