ಕೋಡಾನ್ ಟೇಬಲ್ ಓದೋದು ಹೇಗೆ? ಹಿಮೋಗ್ಲೋಬಿನ್ ಇಟ್ಕೊಂಡೇ ನೋಡೋಣ

ಕೋಡಾನ್ ಅಂದ್ರೆ ಯಾವ ಅಮೈನೋ ಆಸಿಡ್ (ಪ್ರೋಟೀನ್ ಕಟ್ಟೋ ಇಟ್ಟಿಗೆ) ಬರ್ಬೇಕು, ಇಲ್ಲಾ ಎಲ್ಲಿ ನಿಲ್ಬೇಕು ಅಂತ ಹೇಳೋ ಮೂರಕ್ಷರದ ಗುಂಪು. 64 ಕೋಡಾನ್‌ನೂ ಬಾಯಿಪಾಠ ಮಾಡೋಕೆ ಕೂರ್ಬೇಡಿ, ಟೇಬಲ್ ಓದೋಕೆ ಬಂದ್ರೆ ಸಾಕು. ನಮ್ ಹಿಮೋಗ್ಲೋಬಿನ್‌ದು ಬೀಟಾ ಸರಪಳಿ (ಅದ್ರಲ್ಲಿರೋ ಒಂದು ಬಗೆ ಪ್ರೋಟೀನ್ ಎಳೆ) ಇದ್ಯಲ್ಲ, ಅದರ ಎಂಆರ್‌ಎನ್‌ಎ (ಪ್ರೋಟೀನ್ ಕಟ್ಟೋಕೆ ಜೀನ್‌ನಿಂದ ತೆಗೆದ ನಕಲು, ಎ, ಯು, ಜಿ, ಸಿ ಅನ್ನೋ ನಾಲ್ಕೇ ಅಕ್ಷರದಲ್ಲಿ ಇರತ್ತೆ) ತಗೊಳ್ಳಿ. ಮೊದ್ಲು ಶುರುವಿನ ಎಯುಜಿ ಹುಡ್ಕಿ, ಅಲ್ಲಿಂದ ಮೂರ್ಮೂರು ಅಕ್ಷರ ಕತ್ತರಿಸ್ತಾ ಹೋಗಿ, ಒಂದಕ್ಷರ ಆಚೀಚೆ ಆದ್ರೆ ಮುಂದಿಂದೆಲ್ಲ ಕೆಟ್ಟೋಗತ್ತೆ, ಹುಷಾರು:

ಎಯುಜಿ ಜಿಯುಜಿ ಸಿಎಯು ಸಿಯುಜಿ ಎಸಿಯು ಸಿಸಿಯು ಜಿಎಜಿ

ಈಗ ಟೇಬಲ್‌ನಲ್ಲಿ ಮೊದಲ ಅಕ್ಷರ ಎಡಗಡೆ, ಎರಡನೇದು ಮೇಲ್ಗಡೆ, ಮೂರನೇದು ಬಲಗಡೆ ನೋಡಿ, ಮೂರೂ ಸೇರೋ ಕಡೆ ಇರೋದೇ ಅಮೈನೋ ಆಸಿಡ್. ಮೆಥಿಯೋನಿನ್, ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೋನಿನ್, ಪ್ರೋಲಿನ್, ಗ್ಲುಟಾಮಿಕ್ ಆಸಿಡ್, ಇಷ್ಟು ಬಂತಾ? ಮೊದಲ ಮೆಥಿಯೋನಿನ್ ಆಮೇಲೆ ಕಟ್ ಆಗಿ ಹೋಗತ್ತೆ, ಹಂಗಾಗಿ ಆ ಗ್ಲುಟಾಮಿಕ್ ಆಸಿಡ್‌ನ 6ನೇದು ಅಂತ ಎಣಿಸೋ ರೂಢಿ.

ಮಜಾ ಇರೋದೇ ಅಲ್ಲಿ. ಆ ಜಿಎಜಿ ನಡುವಿನ ಎ ಹೋಗಿ ಯು ಬಂದ್ರೆ ಜಿಯುಜಿ, ಅಂದ್ರೆ ವ್ಯಾಲಿನ್, ಅದೇ ಸಿಕಲ್ ಸೆಲ್ ಕಾಯಿಲೆಯ (ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗೋ ಕಾಯಿಲೆ) ಮೂಲ. ಅದೇ ಕೊನೇ ಜಿ ಜಾಗಕ್ಕೆ ಎ ಬಂದ್ರೆ? ಜಿಎಎ, ಅದೂ ಗ್ಲುಟಾಮಿಕ್ ಆಸಿಡ್ಡೇ, ಪ್ರೋಟೀನ್ ಬದಲಾಗಲ್ಲ! ಒಂದೇ ಅಮೈನೋ ಆಸಿಡ್‌ಗೆ ಹಲವು ಕೋಡಾನ್ ಇರೋದ್ರಿಂದ ಹಿಂಗೆ, ಲ್ಯೂಸಿನ್‌ಗಂತೂ 6 ಇದಾವೆ, ಮೆಥಿಯೋನಿನ್, ಟ್ರಿಪ್ಟೋಫ್ಯಾನ್‌ಗೆ ಮಾತ್ರ ಒಂದೊಂದೇ.

ಯುಎಎ, ಯುಎಜಿ, ಯುಜಿಎ ಸಿಕ್ರೆ ಅಲ್ಲಿಗೆ ನಿಲ್ಸಿ, ಅವು ಸ್ಟಾಪ್. ಆದ್ರೆ ನಮ್ಮ ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಒದಗಿಸೋ ಭಾಗ) ಒಳಗೆ ಯುಜಿಎ ಅಂದ್ರೆ ಸ್ಟಾಪ್ ಅಲ್ಲ, ಟ್ರಿಪ್ಟೋಫ್ಯಾನ್, ಅದಕ್ಕೆ ಬೇರೇನೇ ಟೇಬಲ್ ನೋಡ್ಬೇಕು.