ಎರಡಿಂಚು ನೀರು ಅಂದ್ರ ಎಷ್ಟು?

ನಮ್ಮ ಗದಗ ಕಡೆ ಬೋರು ಹೊಡಿಸೋರು ಇದನ್ನ ಸ್ವಲ್ಪ ನೋಡ್ರಿ. ‘ಎರಡಿಂಚು ನೀರು ಬಿತ್ತು’ ಅಂತಾರಲ್ಲ, ಅದು ಪೈಪಿನ ಅಳತಿ ಅಲ್ಲ. ಕಾಲುವೆಗೆ ಅಡ್ಡ ಇಡೋ 90 ಡಿಗ್ರಿ ವಿ-ನಾಚ್ ತಗಡಿನ (V ಆಕಾರದಾಗ ಕೊಯ್ದ ತಗಡು) ಕೆಳಗಿನ ಮೂಲಿಯಿಂದ ನೀರು ಏರಿದ ಎತ್ತರ.

ಒಂದಿಂಚಿಗೆ ತಾಸಿಗೆ ಸುಮಾರು 500 ಲೀಟರ್. ಎರಡಿಂಚಿಗೆ 1000 ಅಲ್ರೀ, 2900ರ ಹತ್ರ! ಅರ್ಧ ಇಂಚು ಹೆಚ್ಚು ಕಡಿಮಿ ಓದಿದ್ರೂ ಲೆಕ್ಕಾ ಎಲ್ಲಾ ಮಗುಚಿ ಬೀಳ್ತದ. ಎತ್ತರಾನ ತಗಡಿನ ಬಾಯಾಗ ನೋಡಬ್ಯಾಡ್ರಿ, ಅಲ್ಲಿ ನೀರು ಬಾಗಿರ್ತದ. ನೀರು ಬರೋ ಕಡೆ ಒಂದು ಗೇಣು ಹಿಂದ ಅಳೀರಿ.

ಮೋಟರ್ ಇಳಿಸಿದ ಮ್ಯಾಲೆ ಇದೆಲ್ಲಾ ಬ್ಯಾಡ. 200 ಲೀಟರ್ ಡ್ರಮ್ಮು, ಮೊಬೈಲ್ ಗಡಿಯಾರ ಸಾಕು. ನಾಲ್ಕು ನಿಮಿಷಕ್ಕ ತುಂಬಿದ್ರ ತಾಸಿಗೆ 3000. ಚಾಲೂ ಮಾಡಿದ ಕೂಡ್ಲೆ ಅಳೀಬ್ಯಾಡ್ರಿ, ಎರಡು ತಾಸು ಓಡಿಸಿ ಅಳೀರಿ. ಡ್ರಿಪ್ (ಹನಿ ನೀರಾವರಿ) ಲೆಕ್ಕಾ ಅದರ ಮ್ಯಾಲೆ ಹಾಕ್ರಿ.